ಗಾಳಿ ಸ್ವಲ್ಪ ಕಮ್ಮಿ ಇರಲಿ

ಎಟಿವಿ ಅಂದರೆ ಟೀವಿಯಲ್ಲೇ ಯಾವುದೋ ಹೊಸ ನಮೂನೆ ಇರಬೇಕು ಎಂದು ನಮ್ಮವ್ವ ತಿಳಿದಿದ್ದಳು. ಅಕ್ಕ ಫೋನಿನಲ್ಲಿ ಯಾರಿಗೋ “ಎಟಿವಿ ಭಾನುವಾರ ಮನೆಗೆ ಬರುತ್ತೆ” ಎಂದದ್ದನ್ನು ಕೇಳಿಸಿಕೊಂಡು, ಹಳೆಯ ಟೀವಿಯ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಹೊಸದಕ್ಕೆಂದು ತೆಗೆದಿಟ್ಟಿದ್ದಳು. ಭಾನುವಾರ ಗೂಡ್ಸ್ ಆಟೋದ ಹಿಂಬದಿಯಿಂದ ನಾಲ್ಕು ದಪ್ಪ ಚಕ್ರಗಳ, ಕೆಂಪು ಬಣ್ಣದ, ಕಪ್ಪೆಯ ಹಾಗೆ ಕುಕ್ಕರಿಸಿ ಕೂತ ಒಂದು ಗಾಡಿ ಇಳಿದಾಗ ಅವ್ವ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

“ಇದ್ರಲ್ಲಿ ಚಿತ್ರ ಎಲ್ಲಿ ಬತ್ತದೆ?” ಎಂದು ಕೇಳಿದಳು.

ಇದೆಲ್ಲ ನೆನಪಾದದ್ದು ಮೊನ್ನೆ. ನಮ್ಮ ಪಕ್ಕದ ಬೀದಿಯ ಡಾಕ್ಟರೊಬ್ಬರು ತಮ್ಮ ಮಾವಿನ ತೋಟದಲ್ಲಿ ಓಡಾಡಲು ಅಂಥದೇ ಒಂದು ಗಾಡಿ ಕೊಂಡಿದ್ದಾರೆ. ನನಗೆ ಆ ವಿಷಯದಲ್ಲಿ ಅನುಭವವಿದೆ ಎಂದು ಯಾರೋ ಹೇಳಿದರಂತೆ. “ಟೈರು ಎಂಥದಿರಬೇಕು, ಯಾವ ನೆಲದಲ್ಲಿ ಹೆಂಗೆ ಓಡಿಸ್ಬೇಕು, ಮೇಲೆ ಏನೇನು ಹಾಕಿಸ್ಬೇಕು, ಸ್ವಲ್ಪ ಹೇಳಿ ಸಾರ್” ಎಂದು ಮನೆಗೇ ಬಂದುಬಿಟ್ಟರು. ನೀವೇ ಹೇಳಿ, ಕಾಮರ್ಸ್ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರನ್ನು ಡಾಕ್ಟರೊಬ್ಬರು ಸಲಹೆ ಕೇಳಿದರೆ ಹಿಗ್ಗದೆ ಇರಲಾದೀತೆ? ಗಂಭೀರವಾಗಿ ಎದ್ದು ಡ್ರಾಯರಿನಿಂದ ಗಾಳಿ ಅಳೆಯುವ ಪುಟ್ಟ ಗೇಜನ್ನು ತೆಗೆದು ಅವರ ಕೈಗಿಟ್ಟೆ. “ಗಾಳಿ ಸ್ವಲ್ಪ ಕಮ್ಮಿ ಇರಲಿ ಡಾಕ್ಟ್ರೇ” ಎಂದೆ. ಅವರು ಮುಂದಿನ ಮಾತಿಗೆ ಕಾದರು. ಆದರೆ ಗೇಜಿನ ಮುಳ್ಳು ಅಲುಗಿದ್ದೇ ತಡ, ನಾನು ಅಲ್ಲಿರಲಿಲ್ಲ. ಕೆಂಪು ಮಣ್ಣಿನ, ಬೂದು ಹುಲ್ಲಿನ, ಮನೆಗಳಿಲ್ಲದ ಒಂದು ಊರಿನಲ್ಲಿ ಸಂಜೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಪಾಪ, ಡಾಕ್ಟರು ಕಾಫಿ ಕುಡಿದು ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ನನ್ನ ಅಕ್ಕ ಗಿರಿಜಾ ನನಗಿಂತ ಸಾಕಷ್ಟು ದೊಡ್ಡವಳು. ಎಳವೆಯಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು. ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಟ್ರಂಕ್ ಕಾಲಿನ ಕಾಲದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಹುಬ್ಬಳ್ಳಿಯನ್ನು ಮಂಗಳೂರಿಗೆ, ಮಂಗಳೂರನ್ನು ಬೊಂಬಾಯಿಗೆ ಜೋಡಿಸುತ್ತಿದ್ದಳು. ಸಂಜೆ ಮನೆಗೆ ಬಂದು ಊರುಗೋಲನ್ನು ಗೋಡೆಗೆ ಒರಗಿಸುತ್ತ, “ಇವತ್ತು ಮಂಗಳೂರಲ್ಲಿ ಭಾರೀ ಮಳೆ ಕಣೋ, ಲೈನಲ್ಲೇ ಕೇಳಿಸ್ತಿತ್ತು” ಎನ್ನುವಳು. ನಮಗೆಲ್ಲ ಮೈಸೂರಿನ ಬಿಸಿಲು, ಅವಳೊಬ್ಬಳಿಗೆ ಮಂಗಳೂರಿನ ಮಳೆ. ತೊಂಬತ್ತರ ದಶಕದಲ್ಲಿ ಬೀದಿಗೊಂದು ಎಸ್‌ಟಿಡಿ ಬೂತು ಬಂದು, ಜನ ತಮ್ಮ ಊರುಗಳನ್ನು ತಾವೇ ಜೋಡಿಸಿಕೊಳ್ಳತೊಡಗಿದರು. ಅಕ್ಕನನ್ನು ಬಿಲ್ಲಿನ ತಕರಾರು ಕೇಳುವ ಮೇಜಿಗೆ ಹಾಕಿದರು. ಕೂತಲ್ಲೇ ಊರೂರು ಸುತ್ತುವುದು ಅಲ್ಲಿಗೆ ನಿಂತಿತು.

ಆಗ ನಾವು ಇದ್ದದ್ದು ಯಾದವಗಿರಿಯಲ್ಲಿ, ಒಂದು ದೊಡ್ಡ ಬಂಗಲೆಯ ಹಿಂದಿನ ಸಣ್ಣ ಬಾಡಿಗೆ ಮನೆಯಲ್ಲಿ. ಅಪ್ಪಾಜಿಗೆ ಸಂತೆಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಅಕ್ಕ ತನ್ನ ಸಂಬಳದಲ್ಲಿ, ತನ್ನದೇ ಹೆಸರಿನಲ್ಲಿ, ವಿಜಯನಗರದ ಕಟ್ಟಕಡೆಯ ಬಡಾವಣೆಯಲ್ಲಿ ಮೂವತ್ತು ನಲವತ್ತರ ಒಂದು ಸೈಟು ಮಾಡಿಕೊಂಡಳು. ಆ ಕಾಲದ ಮೈಸೂರಿಗರಿಗೆ ಭಾನುವಾರದ ಸಂಜೆ ಸೈಟು ನೋಡಿಕೊಂಡು ಬರುವುದು ಒಂದು ವ್ರತದ ಹಾಗೆ. ಯಾರೂ ಕದ್ದುಕೊಂಡು ಹೋಗಲಾರದ ಮಣ್ಣು ಇನ್ನೂ ಅಲ್ಲೇ ಇದೆಯೇ ಎಂದು ನೋಡಿ, ಗಡಿಕಲ್ಲು ಮುಟ್ಟಿ, ಸಮಾಧಾನದಿಂದ ಮನೆಗೆ ಬರುವುದು.

ಆ ಬಡಾವಣೆಯೋ, ಕನಸಿನಲ್ಲಿ ಕಂಡ ಊರಿನ ಹಾಗಿತ್ತು. ಎದೆಮಟ್ಟದ ಹುಲ್ಲಿನ ನಡುವೆ ‘೭ನೇ ಮೇನ್’, ‘೧೨ನೇ ಕ್ರಾಸ್’ ಎಂದು ಹಳದಿ ಬೋರ್ಡುಗಳು. ಮೇನೂ ಇಲ್ಲ, ಕ್ರಾಸೂ ಇಲ್ಲ. ಬೋರ್ಡಿನ ಮೇಲೆ ಒಂದು ಕಾಜಾಣ ಕೂತಿರುತ್ತಿತ್ತು. ಅವ್ವ ನಮ್ಮ ಸೈಟಿನ ನಾಲ್ಕು ಕಲ್ಲುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತ, “ಇದು ಹಾಲು, ಇದು ಅಡುಗೆಮನೆ, ಇದು ಪೂಜೆಕೋಣೆ” ಎನ್ನುವಳು. ಹಾಲಿನಿಂದ ಅಡುಗೆಮನೆಗೆ ಹೋಗುವಾಗ ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟುವಳು. ಒಮ್ಮೆ ನಾನು ಪೂಜೆಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬೈಸಿಕೊಂಡಿದ್ದೂ ಉಂಟು.

ಸೈಟಿನ ಒಡತಿ ಮಾತ್ರ ಅಲ್ಲಿಗೆ ಬರುವಂತಿರಲಿಲ್ಲ. ಅಕ್ಕನದು ಎರಡು ಪಕ್ಕಕ್ಕೂ ಚಿಕ್ಕ ಚಕ್ರ ಜೋಡಿಸಿದ ಸ್ಕೂಟರ್. ಟಾರು ರಸ್ತೆಯಲ್ಲಿ ಅದಕ್ಕೆ ಸಮವಿಲ್ಲ. ಆದರೆ ಮಣ್ಣುದಾರಿಯಲ್ಲಿ ಲಾರಿಗಳು ಓಡಾಡಿ ಬಿದ್ದ ಕೊರಕಲಿಗೆ ಇಳಿಯಿತೋ, ಪಕ್ಕದ ಚಕ್ರಗಳು ಎರಡು ದಡ ಹಿಡಿದು ನಿಲ್ಲುತ್ತಿದ್ದವು, ನಡುವಿನ ಚಕ್ರ ಗಾಳಿಯಲ್ಲಿ ತೇಲುತ್ತ ಗಿರ್ರನೆ ತಿರುಗುತ್ತಿತ್ತು. ಆ ಗುಂಡಿ, ಕಲ್ಲುಗಳಲ್ಲಿ ಊರುಗೋಲೂ ನಿಲ್ಲದು. ಹೊತ್ತುಕೊಂಡು ಹೋಗುತ್ತೇವೆಂದರೆ ಅಕ್ಕ ಒಪ್ಪುವವಳಲ್ಲ. ಹಾಗಾಗಿ ಅವಳು ಟಾರು ಮುಗಿಯುವ ಕಡೆ ಸ್ಕೂಟರಿನ ಮೇಲೇ ಕೂತು, ಕಡಲೆಕಾಯಿ ಬಿಡಿಸುತ್ತಿರುವಳು. ಅಪ್ಪಾಜಿ ವಾಪಸು ಬಂದು, “ಇದೆ ಕಣಮ್ಮ” ಎನ್ನುವರು. “ಇರ್ಲಿ ಬಿಡಿ ಅಪ್ಪಾಜಿ” ಎನ್ನುವಳು. ವರ್ಷಗಟ್ಟಲೆ ಹೀಗೇ ನಡೆಯಿತು. ಅಪ್ಪಾಜಿ ತೀರಿಕೊಂಡ ಮೇಲೆ ಹೋಗಿ ನೋಡಿ ಬಂದು “ಇದೆ” ಎನ್ನುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಸಾವಿರದ ಆಚೆಗಿನ ಯಾವುದೋ ವರ್ಷ, ಕೆಆರ್‌ಎಸ್ ರಸ್ತೆಯ ಕಡೆ ಒಂದು ರೆಸಾರ್ಟು ಮುಚ್ಚಿ ಅಲ್ಲಿನ ಸಾಮಾನುಗಳನ್ನು ಮಾರಾಟಕ್ಕಿಟ್ಟರು. ಅಕ್ಕನ ಸಹೋದ್ಯೋಗಿಯೊಬ್ಬರು ಕುರ್ಚಿ ನೋಡಲು ಹೊರಟವರು ಅವಳನ್ನೂ ಕರೆದೊಯ್ದರು. ಅಲ್ಲಿ ಶೆಡ್ಡಿನ ಮೂಲೆಯಲ್ಲಿ, ಧೂಳು ಹಿಡಿದು ಕೂತಿದ್ದ, ಎಂಥ ನೆಲದಲ್ಲೂ ಓಡುವ ಈ ಎಟಿವಿ ಅವಳ ಕಣ್ಣಿಗೆ ಬಿತ್ತು. ಗೇರು ಬದಲಿಸುವ ರಗಳೆಯಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಮುಂದೆ ಹೋಗುತ್ತದೆ, ಬಲಗಾಲಿನಲ್ಲಿ ಬ್ರೇಕು. ಅಲ್ಲಿಯೇ ಹತ್ತಿ ಕೂತಳಂತೆ. ಇಳಿಯುವಷ್ಟರಲ್ಲಿ ತೀರ್ಮಾನವಾಗಿತ್ತು.

“ಆದ್ರೆ ಇದನ್ನ ರಸ್ತೆ ಮೇಲೆ ಓಡಿಸೋ ಹಾಗಿಲ್ವಲ್ಲ ಅಕ್ಕ, ರಿಜಿಸ್ಟ್ರೇಷನ್ನೇ ಇಲ್ಲ” ಎಂದೆ ನಾನು.

“ರಸ್ತೆ ಇರೋ ಕಡೆಗೆ ಸ್ಕೂಟರ್ ಇದೆ ಕಣೋ” ಎಂದಳು.

ಅವತ್ತಿನಿಂದ ನಾನು ಸಲಹೆಗಾರನಾದೆ. ಯಾರೂ ನೇಮಿಸಿದ್ದಲ್ಲ. ಕಾಲೇಜಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ‘ಎಟಿವಿಯ ಹೊಸ ಮಾಲೀಕರಿಗೆ’ ಎಂಬ ಪುಟಗಳನ್ನೆಲ್ಲ ಪ್ರಿಂಟು ಹಾಕಿಸಿದೆ. ಹಿಮದಲ್ಲಿ ಓಡಿಸುವಾಗ ಏನು ಮಾಡಬೇಕು, ಮರಳುಗಾಡಿನ ದಿಣ್ಣೆ ಹತ್ತುವಾಗ ಮೈ ಎಷ್ಟು ಬಾಗಿಸಬೇಕು, ಕರಡಿ ಎದುರಾದರೆ ಎಂಜಿನ್ ಆರಿಸಬೇಕೇ ಬೇಡವೇ, ಎಲ್ಲ ಇತ್ತು. ಊಟದ ಹೊತ್ತಿನಲ್ಲಿ ಅಕ್ಕನಿಗೆ ಓದಿ ಹೇಳುತ್ತಿದ್ದೆ. ಅವಳು ಮುದ್ದೆ ಮುರಿಯುತ್ತ, “ವಿಜಯನಗರದಲ್ಲಿ ಕರಡಿ ಬಂದ್ರೆ ಖಂಡಿತ ನಿನ್ನ ಕೇಳ್ತೀನಿ” ಎನ್ನುವಳು. ಆ ಪುಟಗಳ ನಡುವೆ ಎಲ್ಲೋ ಒಂದು ಕಡೆ, ಟೈರಿಗೆ ತೀರ ಕಡಿಮೆ ಗಾಳಿ ಇರಬೇಕು, ನಾಲ್ಕೈದು ಪೌಂಡು ಸಾಕು ಎಂದೂ ಇತ್ತು. ಅದು ಅಚ್ಚಿನ ತಪ್ಪಿರಬೇಕೆಂದು ಬಿಟ್ಟುಬಿಟ್ಟೆ. ನಾಲ್ಕೈದು ಪೌಂಡು ಗಾಳಿಯಲ್ಲಿ ಬಲೂನೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಗಾಡಿಯನ್ನು ತಯಾರು ಮಾಡಲು ಮೇಟಗಳ್ಳಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟಿದ್ದ ಮಹದೇವುವಿನ ಹತ್ತಿರ ಒಯ್ದೆವು. ಅಕ್ಕನ ಸ್ಕೂಟರಿಗೆ ಪಕ್ಕದ ಚಕ್ರ ಕೂರಿಸಿದವನು ಅವನೇ. ಮಾತಿನ ಮಲ್ಲ, ಹುಮ್ಮಸ್ಸಿನಲ್ಲಿ ನನಗೆ ಸರಿಯಾದ ಜೋಡಿ. ನಾನು ಐದು ಪೌಂಡಿನ ಸುದ್ದಿ ಹೇಳಿದ್ದಕ್ಕೆ ನಕ್ಕುಬಿಟ್ಟ. “ಮೇಷ್ಟ್ರೇ, ಇಷ್ಟ್ ದಪ್ಪ ಟೈರ್‌ಗೆ ಐದಾ? ಸುಮ್ನಿರಿ ಸಾ, ಮೂವತ್ತು ಒಡ್ದ್‌ಬುಡ್ತೀನಿ, ಕಲ್ಲಿದ್ದಂಗಿರ್ತದೆ!” ಕಲ್ಲಿದ್ದಂತೆಯೇ ಆಯಿತು. ಜೊತೆಗೆ ಮುಂಭಾಗಕ್ಕೆ ಲಾರಿಗೆ ಹಾಕುವಂಥ ಕಬ್ಬಿಣದ ಗಾರ್ಡು. ಹಾರ್ನು ಬೇರೆ, ಮಗು ಅಳುವ ಸದ್ದಿನದು. ಅದನ್ನು ಅಕ್ಕ ಅವತ್ತೇ ಕೀಳಿಸಿದಳು.

ಮೊದಲ ಭಾನುವಾರ ಗೂಡ್ಸ್ ಆಟೋದಲ್ಲಿ ಗಾಡಿ, ಮುಂದೆ ಅಕ್ಕ, ಹಿಂದೆ ನನ್ನ ಸ್ಕೂಟರಿನಲ್ಲಿ ಅವ್ವ. ಟಾರು ಮುಗಿಯುವ ಕಡೆ ಇಳಿಸಿ, ಹೆಡ್‌ಲೈಟಿಗೆ ಅವ್ವ ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟಳು. ಅಕ್ಕ ಹೆಬ್ಬೆರಳು ಒತ್ತಿದಳು. ಮಣ್ಣಿಗೆ ಇಳಿದ ಗಾಡಿ ಮೊದಲ ಕಲ್ಲಿಗೇ ಚೆಂಡಿನಂತೆ ಪುಟಿಯಿತು. ಎರಡನೇ ಕಲ್ಲಿಗೆ ಇನ್ನೂ ಮೇಲೆ. ಮೂರನೆಯದಕ್ಕೆ ಗಾಡಿ ಒಂದು ಕಡೆ, ಅಕ್ಕ ಒಂದು ಕಡೆ. ನಾವು ಓಡಿಹೋಗಿ ನೋಡಿದರೆ ಹುಲ್ಲಿನಲ್ಲಿ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದಳು. ಮೊಣಕೈ ತರಚಿತ್ತು, ಮುಖದ ತುಂಬ ನಗು.

ಅವ್ವ ನಗಲಿಲ್ಲ. ಮನೆಗೆ ಬಂದವಳೇ ಗಾಡಿಯ ಕೀಲಿಯನ್ನು ಅಕ್ಕಿಡಬ್ಬದಲ್ಲಿ ಹುದುಗಿಸಿಟ್ಟು, “ನಾನಿರೋ ತಂಕ ಬ್ಯಾಡ” ಎಂದಳು. ಅಷ್ಟೆ. ಕಣ್ಣಲ್ಲಿ ನೀರಿತ್ತು. ಅಕ್ಕನೂ ಕೀಲಿ ಕೇಳಲಿಲ್ಲ, ಜಗಳವಾಡಲಿಲ್ಲ. ಕೆಲಸದಿಂದ ಬಂದ ಮೇಲೆ ಅಂಗಳದಲ್ಲಿ ನಿಂತಿದ್ದ ಗಾಡಿಯ ಮೇಲೆ ಹತ್ತಿ ಕೂತು ಪೇಪರು ಓದತೊಡಗಿದಳು. ಕಾಫಿ ಅಲ್ಲಿಗೇ. ಸೊಪ್ಪು ಸೋಸುವುದೂ ಅಲ್ಲೇ. ಬಂಗಲೆಗೆ ಬಂದವರು ಹೋದವರು ನಿಂತು ನೋಡುವರು. ಸಂಜೆಯ ರೈಲು ಕೂಗಿಕೊಂಡು ಹೋಗುವಾಗ ಅವಳು ಪೇಪರಿನಿಂದ ತಲೆಯೆತ್ತಿ, ಆ ಸದ್ದು ಮುಗಿಯುವವರೆಗೆ ಸುಮ್ಮನೆ ಕಿವಿಗೊಡುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ಅವ್ವ ನೋಡುವಳು, ಒಳಗೆ ಹೋಗುವಳು, ಮತ್ತೆ ಬಂದು ನೋಡುವಳು.

ಮಳೆಗಾಲ ಕಳೆದು ಒಂದು ದಿನ ಅವ್ವ ಅಂಗಳಕ್ಕೆ ಬಂದು, ಅಕ್ಕಿಯ ಧೂಳು ಮೆತ್ತಿದ್ದ ಕೀಲಿಯನ್ನು ಅವಳ ಮಡಿಲಿಗೆ ಹಾಕಿದಳು. “ಹಿಂಗೇ ಕುಂತಿದ್ರೆ ನೋಡ್ದೋರು ಏನಂದ್ಕೊಂಡಾರು? ತಗೋ. ಮೆಲ್ಲಗೆ ಓಡಿಸು.”

ಆಮೇಲೆ ನಾವು ಬುದ್ಧಿ ಕಲಿತೆವು. ಪೆಟ್ರೋಲ್ ಬಂಕಿನ ಗೇಜು ಐದು ಪೌಂಡನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೆಂಗಳೂರಿನಿಂದ ಒಂದು ಪುಟ್ಟ ಗೇಜು ತರಿಸಿದೆ. ಗಾಳಿ ಬಿಟ್ಟಂತೆ ಬಿಟ್ಟಂತೆ ಟೈರುಗಳು ಮೆತ್ತಗಾಗಿ, ನೆಲಕ್ಕೆ ಅಂಗೈ ಊರಿದ ಹಾಗೆ ಅಗಲವಾದವು. ಈಗ ಕಲ್ಲು ಸಿಕ್ಕಿದರೆ ಟೈರು ಅದನ್ನು ಒಳಗೆಳೆದುಕೊಂಡು ಆಚೆ ಬಿಡುತ್ತಿತ್ತು, ಪುಟಿಯುತ್ತಿರಲಿಲ್ಲ. ಮಹದೇವು ಹುಬ್ಬೇರಿಸಿ, “ನಿಮ್ಮ ಪ್ರಿಂಟೇ ಸರಿ ಬುಡಿ ಮೇಷ್ಟ್ರೇ” ಎಂದ. ಪ್ರಿಂಟನ್ನು ನಾನೇ ನಂಬಿರಲಿಲ್ಲ ಎಂಬುದನ್ನು ಅವನಿಗೆ ಹೇಳಲು ಹೋಗಲಿಲ್ಲ. ಮುಂದಿನ ಭಾರದ ಗಾರ್ಡು ತೆಗೆದ. ಗಾಡಿಯ ಹೊಟ್ಟೆಗೆ ಕಲ್ಲು ಬಡಿಯದಂತೆ ಒಂದು ತಗಡು, ಅಕ್ಕನ ಎಡಗಾಲು ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಪಕ್ಕಕ್ಕೊಂದು ಚಿಕ್ಕ ಕಟಕಟೆ, ಹಿಂದೆ ಊರುಗೋಲು ಕಟ್ಟಲು ಅಗಲವಾದ ಕ್ಯಾರಿಯರ್. ಡಾಕ್ಟರಿಗೆ ಹೇಳಬೇಕಾದ್ದು ಇಷ್ಟೇ ಇತ್ತು: ಗಾಳಿ ಇಳಿಸಿ, ಹೊಟ್ಟೆ ಕಾಯಿರಿ, ಕಾಲು ಕಾಯಿರಿ, ಉಳಿದದ್ದೆಲ್ಲ ಶೋಕಿ. ಹಾಂ, ಜಾಲಿ ಮುಳ್ಳಿರುವ ಕಡೆ ಹೋಗಬೇಡಿ. ಒಮ್ಮೆ ಮುಳ್ಳು ಚುಚ್ಚಿದಾಗ ಪಂಚರ್ ಅಂಗಡಿಯವನು ಟೈರನ್ನು ಕಳಚಿ, ಇಲ್ಲದ ಟ್ಯೂಬಿಗಾಗಿ ಬಹಳ ಹೊತ್ತು ಹುಡುಕಾಡಿದ್ದ.

ನೆಲದ ವಿಷಯ ಅಕ್ಕನೇ ಕಲಿತಳು. ಸಣ್ಣಕಲ್ಲಿನ ಗರಸು ನೆಲದಲ್ಲಿ ತಿರುವಿದರೆ ಜಾರುತ್ತದೆ, ಒದ್ದೆ ಕೆಂಪುಮಣ್ಣು ಹಿಡಿದುಕೊಳ್ಳುತ್ತದೆ, ಉದ್ದ ಹುಲ್ಲಿನೊಳಗೆ ಏನಿದೆಯೋ ತಿಳಿಯುವುದಿಲ್ಲ. ಈ ಗಾಡಿಯ ಹಿಂದಿನ ಚಕ್ರಗಳೆರಡೂ ಒಟ್ಟಿಗೇ ತಿರುಗುವುದರಿಂದ ಬರೀ ಹ್ಯಾಂಡಲ್ ತಿರುಗಿಸಿದರೆ ಅದು ನೆಟ್ಟಗೇ ಹೋಗುತ್ತದೆ, ತಿರುವಿನ ಕಡೆಗೆ ಮೈಯನ್ನೂ ವಾಲಿಸಬೇಕು. ನಾನು ತೋರಿಸಿಕೊಡಲು ಹತ್ತಿ ನೇರವಾಗಿ ಲಂಟಾನ ಪೊದೆಯೊಳಗೆ ಹೋದೆ. ಊರುಗೋಲು ಹಿಡಿದು ಹಿಡಿದು ಗಟ್ಟಿಯಾದ ಅಕ್ಕನ ತೋಳುಗಳಿಗೆ ಅದು ತಾನಾಗಿ ಬಂತು. ಗಾಳಿಗೆ ಗಿಡ ಬಾಗಿದ ಹಾಗೆ ಬಾಗುತ್ತಿದ್ದಳು.

ತನ್ನ ಸೈಟಿಗೆ ಅವಳು ಮೊದಲ ಸಲ ಬಂದದ್ದು ಆಗ. ನಾಲ್ಕು ಕಲ್ಲುಗಳ ನಡುವೆ ಗಾಡಿ ನಿಲ್ಲಿಸಿ, ಊರುಗೋಲು ಇಳಿಸಿಕೊಂಡು, ಒಂದೊಂದು ಕಲ್ಲನ್ನೂ ಹೋಗಿ ಮುಟ್ಟಿದಳು. ಅವ್ವ ಸಂಭ್ರಮದಿಂದ, “ಇಲ್ಲಿ ಬಾ, ಇದು ಹಾಲು, ಹುಷಾರು, ಇಲ್ಲಿ ಹೊಸ್ತಿಲದೆ” ಎಂದು ಮನೆ ತೋರಿಸಿದಳು. ಅಕ್ಕ ಎಲ್ಲ ಕೋಣೆಗಳನ್ನೂ ಮರ್ಯಾದೆಯಿಂದ ನೋಡಿದಳು. “ಚೆನ್ನಾಗಿದೆ ಅವ್ವ. ಇಷ್ಟು ವರ್ಷ ಇವ್ರೆಲ್ಲ ‘ಇದೆ, ಇದೆ’ ಅಂದಾಗ ಇನ್ನೂ ದೊಡ್ಡದಿರ್ಬೇಕು ಅಂದ್ಕೊಂಡಿದ್ದೆ” ಎಂದಳು. ಆಮೇಲೆ ಅವಳ ನೋಟ ಸೈಟಿನಾಚೆ, ಬಡಾವಣೆಯ ಕೊನೆಯ ಕಲ್ಲುಗಳಾಚೆ, ಬಂಡೆಗಳಿರುವ ಉದ್ದನೆಯ ಒಂದು ದಿಬ್ಬದ ಮೇಲೆ ಹೋಗಿ ನಿಂತದ್ದನ್ನು ನಾನು ಕಂಡೆ.

ಈಗ ಆ ಸೈಟಿನಲ್ಲಿ ಮನೆಯಿದೆ. ನಾನು ಇದನ್ನು ಬರೆಯುತ್ತ ಕೂತಿರುವುದು ಅವ್ವ ಹೇಳಿದ್ದ ಅದೇ ಹಾಲ್‌ನಲ್ಲಿ. ೭ನೇ ಮೇನಿಗೆ ಟಾರು ಬಂತು, ಅದರ ಹಿಂದೆಯೇ ಹಾಲಿನ ಬೂತು, ಬೇಕರಿ. ನೆಲವೆಲ್ಲ ರಸ್ತೆಯಾದ ಮೇಲೆ ಗಾಡಿಗೆ ಹೋಗಲು ಜಾಗವಿಲ್ಲದೆ, ಅಕ್ಕ ಅದನ್ನು ಎಚ್.ಡಿ. ಕೋಟೆ ಕಡೆಯ ತೋಟದವರೊಬ್ಬರಿಗೆ ಕೊಟ್ಟಳು. ಅವರು ಒಯ್ಯುವ ದಿನವೂ ಟೈರು ಒತ್ತಿ ನೋಡಿ, ಗಾಳಿ ಹೆಚ್ಚು ಹಾಕಿಸಬೇಡಿ ಎಂದು ಹೇಳಿ ಕಳಿಸಿದಳು. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಇದಕ್ಕೆಲ್ಲ ಮೊದಲಿನ ಒಂದು ಸಂಜೆಗೆ, ಆ ದಿಬ್ಬದ ಕೆಳಗೆ.

ಮಾಗಿಯ ದಿನಗಳು. ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿ ಹುಲ್ಲಿನ ತುದಿಗಳಲ್ಲಿ ನಿಂತಿತ್ತು. ಅಕ್ಕ ನನ್ನನ್ನೂ ಅವ್ವನನ್ನೂ ಸೈಟಿನಲ್ಲಿ ಬಿಟ್ಟು, “ಹಿಂಗ್ ಹೋಗಿ ಹಂಗ್ ಬರ್ತೀನಿ” ಎಂದು ಹೊರಟಳು. ದಿಬ್ಬದ ಬುಡದಲ್ಲಿ ಒಮ್ಮೆ ನಿಂತು, ಮೈಯನ್ನು ಮುಂದಕ್ಕೆ ಬಾಗಿಸಿ, ಏರತೊಡಗಿದಳು. ಎಂಜಿನ್ನಿನ ಸದ್ದು ದುಂಬಿಯ ಸದ್ದಾಯಿತು. ಕೆಂಪು ಬಣ್ಣ ಬಂಡೆಗಳ ಹಿಂದೆ ಮರೆಯಾಯಿತು. ಆಮೇಲೆ ಸದ್ದು ತಟ್ಟನೆ ನಿಂತಿತು.

ಅವ್ವ ನನ್ನ ಮುಖ ನೋಡಿದಳು. “ಬಿದ್ಲು” ಎಂದಳು.

“ಇಲ್ಲ ಅವ್ವ, ನಿಲ್ಲಿಸಿರ್ಬೇಕು.”

“ಬಿದ್ಲು ಕಣೋ!” ಎಂದು ಹೊರಟೇಬಿಟ್ಟಳು. ಎಪ್ಪತ್ತು ದಾಟಿದ, ಮಂಡಿನೋವಿನ ನನ್ನವ್ವ ಆ ಗರಸಿನ ಏರನ್ನು ಸೀರೆ ಎತ್ತಿಕಟ್ಟಿ, ಬಂಡೆ ಹಿಡಿದು ಹಿಡಿದು ಹತ್ತಿದಳು. ನಾನು ಹಿಂದೆ, ಏದುಸಿರು ಬಿಡುತ್ತ “ಗಿರಿಜಕ್ಕಾ” ಎಂದು ಕೂಗುತ್ತ. ಉತ್ತರವಿಲ್ಲ. ಪ್ರಿಂಟುಗಳಲ್ಲಿ ಗಾಡಿ ಹಿಂದಕ್ಕೆ ಪಲ್ಟಿ ಹೊಡೆದ ಚಿತ್ರಗಳನ್ನು ನೋಡಿದ್ದೆನಲ್ಲ.

ಮೇಲೆ ಚಪ್ಪಟೆಯಾದ ಒಂದು ಬಂಡೆ. ಅದರ ಪಕ್ಕದಲ್ಲಿ ಗಾಡಿ ಸುಮ್ಮನೆ ನಿಂತಿತ್ತು. ಅಕ್ಕ ಬಂಡೆಯ ಮೇಲೆ ಕೂತು, ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಕಾಲು ಚಾಚಿದ್ದಳು. ಕಣ್ಣು ಮುಚ್ಚಿದ್ದಳು.

ಅವ್ವ ಅವಳ ಭುಜ ಹಿಡಿದು ಅಲ್ಲಾಡಿಸಿದಳು. “ಕೂಗಿದ್ರೆ ಓ ಅನ್ನಕಾಗಲ್ವೇನೇ? ಜೀವ ಬಾಯಿಗ್ ಬಂದಿತ್ತು. ಯಾಕೆ ಆಫ್ ಮಾಡ್ದೆ?”

“ಕೇಳಿಸ್ತಿತ್ತು ಅವ್ವ. ಇನ್ನೊಂಚೂರು ಕೇಳೋಣ ಅಂತ ಸುಮ್ನಿದ್ದೆ” ಎಂದಳು ಅಕ್ಕ. “ಕೂತ್ಕೋ. ಮೇಟಗಳ್ಳಿ ಫ್ಯಾಕ್ಟರಿ ಸೈರನ್ ಇಲ್ಲಿಗೂ ಬರತ್ತೆ. ಆ ಕಡೆಯಿಂದ ನವಿಲು. ನೀವಿಬ್ರು ಹತ್ತಿ ಬರೋದೂ ಕೇಳಿಸ್ತು. ನಿನ್ನ ಬಳೆ ಸದ್ದು.”

ಅವ್ವ ಬೈಯಲು ಬಾಯಿ ತೆರೆದವಳು ಹಾಗೇ ಕೂತಳು. ನಾವು ಮೂವರೂ ಕೂತೆವು. ದೂರದಲ್ಲಿ ಚಾಮುಂಡಿಬೆಟ್ಟ ನೇರಳೆಯಾಗಿತ್ತು. ಇನ್ನೊಂದು ಕಡೆ ಕೆಆರ್‌ಎಸ್ ಹಿನ್ನೀರಿನ ಒಂದು ತೆಳ್ಳನೆಯ ಗೆರೆ ಮಿಂಚುತ್ತಿತ್ತು. ನಡುವೆ ನಮ್ಮ ಇಲ್ಲದ ಊರು, ಅದರ ಹಳದಿ ಬೋರ್ಡುಗಳು, ಕಲ್ಲುಗಳು.

“ಮೇಲಿಂದ ನೋಡಿದ್ರೆ ಎಲ್ಲ ಚಿಕ್ಕದಾಗಿ ಕಾಣುತ್ತೆ ಅಂತ ಜನ ಹೇಳ್ತಾರಲ್ಲ” ಎಂದಳು ಅಕ್ಕ. “ಸುಳ್ಳು ಕಣೋ. ಚಿಕ್ಕದೇನೂ ಕಾಣಲ್ಲ. ದೂರ ಕಾಣುತ್ತೆ, ಅಷ್ಟೆ.”

ಬಿಸಿಲು ಇಳಿಯಿತು. ಏಳಲು ಹೋದ ಅವ್ವನ ಮಂಡಿಗಳು ಇಳಿಯುವುದಕ್ಕೆ ಒಪ್ಪಲಿಲ್ಲ. ಎರಡು ಹೆಜ್ಜೆ ಇಟ್ಟು ಬಂಡೆ ಹಿಡಿದು ನಿಂತುಬಿಟ್ಟಳು. ಅಕ್ಕ ಕ್ಯಾಲಿಪರ್ ಬಿಗಿದುಕೊಂಡು ಗಾಡಿ ಹತ್ತಿ, ಕ್ಯಾರಿಯರಿನಿಂದ ಊರುಗೋಲು ಬಿಚ್ಚಿ ನನ್ನ ಕೈಗೆ ಕೊಟ್ಟು, ಹಿಂದಕ್ಕೆ ಕೈ ತೋರಿಸಿದಳು. “ಹತ್ತು.”

“ಬೇಡ ಅಕ್ಕ! ಇದು ಒಬ್ರೇ ಕೂರೋ ಗಾಡಿ. ಹಿಂದೆ ಭಾರ ಬಿದ್ರೆ...” ಎಂದು ನಾನು ಶುರುಮಾಡಿದೆ.

“ಇಳಿಯುವಾಗ ಹಿಂದೆ ಭಾರ ಇದ್ರೆ ಒಳ್ಳೇದೇ ಕಣೋ. ನೀನು ಮುಂದೆ ನಡ್ಕೊಂಡು ಕಲ್ಲು ನೋಡು” ಎಂದಳು.

ನನ್ನ ಶಾಲನ್ನು ಮಡಿಸಿ ಹಾಸಿ ಅವ್ವನನ್ನು ಕ್ಯಾರಿಯರಿನ ಮೇಲೆ ಕೂರಿಸಿದೆ. ಅವಳು ಎರಡೂ ಕೈಗಳಿಂದ ಅಕ್ಕನ ಸೊಂಟವನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, “ಶಿವಾ, ಶಿವಾ” ಎನ್ನತೊಡಗಿದಳು. ಮೆತ್ತನೆಯ ಟೈರುಗಳು ಒಂದೊಂದೇ ಕಲ್ಲನ್ನು ತಡವಿ ತಡವಿ ಇಳಿದವು. ನಡುದಾರಿಯಲ್ಲೆಲ್ಲೋ ಶಿವನಾಮ ನಿಂತಿತು. ತಿರುಗಿ ನೋಡಿದೆ. ಅವ್ವ ಕಣ್ಣು ತೆರೆದಿದ್ದಳು. ತುರುಬು ಸಡಿಲವಾಗಿ ನರೆಗೂದಲು ಗಾಳಿಗೆ ಹಾರುತ್ತಿತ್ತು.

ದಿಬ್ಬದ ಬುಡಕ್ಕೆ ಬಂದು ಅಕ್ಕ ಗಾಡಿ ನಿಲ್ಲಿಸಿದಳು. ಇಳಿಸಿಕೊಳ್ಳಲು ನಾನು ಕೈ ಚಾಚಿದೆ.

“ಭಯ ಆಯ್ತಾ ಅವ್ವ?”

“ಆಯ್ತು ಕಣೋ, ಬಾಳ ಆಯ್ತು” ಎಂದಳು. ಚಾಚಿದ ನನ್ನ ಕೈ ಅವಳಿಗೆ ಕಾಣಿಸಿದಂತಿರಲಿಲ್ಲ. ಅಕ್ಕನ ಭುಜದ ಮೇಲಿಂದ ಬಗ್ಗಿ ಪಶ್ಚಿಮದ ಕಡೆ ನೋಡುತ್ತಿದ್ದಳು. “ಗಿರಿಜಾ, ಅಲ್ಲಿ ಆ ಮರಗಳು ಕಾಣ್ತವಲ್ಲ, ಅದ್ರಾಚೆ ಏನದೆ?”

“ಗೊತ್ತಿಲ್ಲವ್ವ” ಎಂದಳು ಅಕ್ಕ.

“ಇನ್ನೂ ಬೆಳಕದೆ” ಎಂದಳು ಅವ್ವ.